ಊಟ ಬಿಟ್ಟ ಮದುಮಗ

ತೂಕ ಇಳಿಸುವವರ ಕತೆಗಳು ಜಿಮ್ಮಿನಲ್ಲಿ ನಡೆಯುತ್ತವೆ ಎಂದು ನೀವು ತಿಳಿದಿದ್ದರೆ ತಪ್ಪು. ಅವು ನಡೆಯುವುದು ಹೋಟೆಲಿನಲ್ಲಿ. ವೇಣೂರಿನ ಪೇಟೆಯಲ್ಲಿ ಚಾ-ತಿಂಡಿಯ ಸಣ್ಣ ಹೋಟೆಲು ಇಟ್ಟುಕೊಂಡು ಕೂತವನು ನಾನು. ವಾರಕ್ಕೊಂದಾದರೂ ಇಂಥದ್ದು ನನ್ನ ಕಣ್ಣೆದುರೇ ನಡೆದುಹೋಗುತ್ತದೆ. ಚಾಕ್ಕೆ ಸಕ್ಕರೆ ಬೇಡ ಎಂದು ಪೇಟೆಗೆಲ್ಲ ಕೇಳುವ ಹಾಗೆ ಹೇಳಿ, ಎರಡು ಬನ್ಸ್ ಎಂದು ಮಾತ್ರ ಕಿವಿಯಲ್ಲಿ ಹೇಳುವ ಗಿರಾಕಿಗಳು ನನಗೆ ಬೇಕಾದಷ್ಟು ಇದ್ದಾರೆ.

ಬೇರೆಯವರದ್ದಾದರೆ ನಕ್ಕು ಸುಮ್ಮನಾಗಬಹುದಿತ್ತು. ಹೋದ ವರ್ಷ ಇದು ನನ್ನ ತಂಗಿಯ ಮಗನಿಗೇ ಹಿಡಿಯಿತು, ಅದೂ ಮದುವೆ ನಿಶ್ಚಯವಾದ ಮೇಲೆ. ನಾನು ಮೊದಲೇ ಹೆದರುವ ಜನ. ಹಾಲು ಒಲೆಯ ಮೇಲಿಡುವ ಮೊದಲೇ ಉಕ್ಕಿತು ಎಂದು ಬೊಬ್ಬೆ ಹಾಕುವವನು ಎಂದು ನನ್ನ ಹೆಂಡತಿ ಹೇಳುವುದುಂಟು. ಈ ಅಳಿಯನಿಗೆ ಹಿಂದೆ ಕೆಲವು ಸಂಬಂಧ ಬಂದು ತಪ್ಪಿದ್ದವು. ಮೂಡುಬಿದಿರೆಯ ಈ ಹುಡುಗಿಯ ಸಂಬಂಧ ತಂದವನು ನಾನೇ. ಇದೂ ಮುರಿದರೆ ತಂಗಿಗೆ ಮುಖ ತೋರಿಸುವುದು ಹೇಗೆ ಎಂಬ ಹೆದರಿಕೆ ಒಂದು ಕಡೆ, ಹುಡುಗನ ಜೀವಕ್ಕೇ ಏನಾದರೂ ಆದರೆ ಎಂಬ ಹೆದರಿಕೆ ಇನ್ನೊಂದು ಕಡೆ. ಆ ತಿಂಗಳುಗಳನ್ನು ನಾನು ಹೇಗೆ ಕಳೆದೆ ಎಂಬುದು ನನಗೇ ಗೊತ್ತು.

ಅನ್ನ ಮುಟ್ಟದ ಮಾಸ್ಟ್ರು

ಮೊದಲು ಮಾಸ್ಟ್ರ ವಿಷಯ ಹೇಳಬೇಕು, ಯಾಕೆಂದರೆ ಬೀಜ ಬಿದ್ದದ್ದು ಅಲ್ಲಿ. ಇವರು ನಿವೃತ್ತ ಗಣಿತದ ಮಾಸ್ಟ್ರು, ನನ್ನ ಹೋಟೆಲಿನ ಖಾಯಂ ಗಿರಾಕಿ. ಡಾಕ್ಟರು ತೂಕ ಇಳಿಸಿ ಎಂದರಂತೆ. ಮಾಸ್ಟ್ರು ಆ ದಿನವೇ ಅನ್ನ ಬಿಟ್ಟರು. ನಮ್ಮ ಕಡೆ ಅದು ಸಣ್ಣ ಮಾತಲ್ಲ. ಹೊಟ್ಟೆ ಬಿರಿಯುವಷ್ಟು ತಿಂಡಿ ತಿಂದವನೂ ಅನ್ನ ಉಣ್ಣದಿದ್ದರೆ 'ಇವತ್ತು ಏನೂ ತಿಂದಿಲ್ಲ' ಎನ್ನುವ ಊರು ಇದು. ಹಾಗಾಗಿ ಜನ ಮಾಸ್ಟ್ರನ್ನು ಸ್ವಲ್ಪ ಗೌರವದಿಂದಲೇ ನೋಡತೊಡಗಿದರು.

ಬೆಳಿಗ್ಗೆ ನೀರುದೋಸೆ ತಿನ್ನುತ್ತಿದ್ದರು, ನಮ್ಮ ಒಲೆಯ ಹತ್ತಿರ ನಿಂತವನ ಕೈ ಸೋಲುವವರೆಗೆ. ಮಧ್ಯಾಹ್ನ ಊಟದ ಬದಲು ಆವಿಯಲ್ಲಿ ಬೇಯಿಸಿದ ಪುಂಡಿ, ನೆಂಚಿಕೊಳ್ಳಲು ಗಸಿ. ಸಂಜೆ ಒತ್ತುಶ್ಯಾವಿಗೆ, ಕಾಯಿಹಾಲು. ಆದಿತ್ಯವಾರ ಮನೆಯಲ್ಲಿ ಕೋರಿ ರೊಟ್ಟಿ, ಅಂದರೆ ಕೋಳಿ ಸಾರಿನಲ್ಲಿ ನೆನೆಸಿದ ಗರಿಗರಿ ರೊಟ್ಟಿ. ಒಂದು ದಿನ ಮುಖ ಸಪ್ಪೆ ಮಾಡಿಕೊಂಡು ಬಂದು ಕೂತರು.

"ಅನ್ನ ಮುಟ್ಟದೆ ತಿಂಗಳಾಯ್ತು ಮಾರಾಯ್ರೆ. ತೂಕ ನೋಡಿದರೆ ಮೊದಲಿಗಿಂತ ಜಾಸ್ತಿ ಉಂಟು. ಆ ಮೆಷಿನ್ ಸರಿ ಇಲ್ಲ."

"ಮಾಸ್ಟ್ರೆ, ನೀರುದೋಸೆ ಮಾಡುವುದು ಯಾವುದರಿಂದ?"

"ಅಕ್ಕಿಯಿಂದ."

"ಪುಂಡಿ?"

"ಅದೂ ಅಕ್ಕಿಯಿಂದ."

"ಕೋರಿ ರೊಟ್ಟಿಯಲ್ಲಿ ಕೋರಿ ಬಿಟ್ಟರೆ ಉಳಿದದ್ದು ಏನು?"

ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. ಆಯುಷ್ಯವಿಡೀ ಮಕ್ಕಳಿಗೆ ಲೆಕ್ಕ ಹೇಳಿದವರಲ್ಲವೇ, ಮನಸ್ಸಿನಲ್ಲೇ ಕೂಡಿಸಿ ನೋಡಿದರು. ಮುಖದಲ್ಲಿ ಒಂದು ದೊಡ್ಡ ಅನ್ಯಾಯ ಆದ ಭಾವ ಬಂತು.

"ಅಂದರೆ ಎಲ್ಲ ಒಂದೇ ಅಂತಾಯ್ತು. ಹಾಗಾದರೆ ನಾನು ಇಷ್ಟು ದಿವಸ ಅನ್ನ ಬಿಟ್ಟು ಒದ್ದಾಡಿದ್ದು ಯಾಕೆ? ಒಂದು ಊಟ ಹಾಕಿ. ಪುಂಡಿ ಆಮೇಲೆ ನೋಡುವ."

ಗೊಂಬೆಯ ಅಳತೆ

ಇದನ್ನೆಲ್ಲ ಪಕ್ಕದ ಮೇಜಿನಲ್ಲಿ ಕೂತು ಕೇಳುತ್ತಿದ್ದವನು ಆ ದಿನ ನಮ್ಮಲ್ಲಿಗೆ ಬಂದಿದ್ದ ನನ್ನ ಅಳಿಯ. ಫರಂಗಿಪೇಟೆಯಲ್ಲಿ ಪಂಪು, ಪೈಪುಗಳ ಅಂಗಡಿ ಅವನದ್ದು. ಆಳು ತೋರ, ಮನಸ್ಸು ಬೆಣ್ಣೆ. ನಿಶ್ಚಯದ ದಿನದ ಫೋಟೋವನ್ನು ಯಾರೋ ಗೆಳೆಯರು ಮೊಬೈಲಿನಲ್ಲಿ ಹಾಕಿದ್ದರು. ಅದರ ಕೆಳಗೆ ಇನ್ಯಾರೋ 'ಮದುಮಗ ಸ್ವಲ್ಪ ಬದಿಗೆ ಸರಿದರೆ ಮದುಮಗಳನ್ನೂ ನೋಡಬಹುದು' ಎಂದು ಬರೆದಿದ್ದರು. ಅದು ಅವನಿಗೆ ಮುಳ್ಳಿನ ಹಾಗೆ ಚುಚ್ಚಿತ್ತು.

"ಮಾಸ್ಟ್ರು ಮಾಡಿದ ತಪ್ಪು ಏನು ಗೊತ್ತುಂಟಾ ಮಾವ?" ಎಂದ. "ಅನ್ನ ಮಾತ್ರ ಬಿಟ್ಟದ್ದು. ನಾನು ಎಲ್ಲ ಬಿಡ್ತೇನೆ."

ಬಿಟ್ಟೂಬಿಟ್ಟ. ಅಂಗಿ ಹಾಕದ ಯಾರೋ ಒಬ್ಬ ಮೊಬೈಲಿನಲ್ಲಿ ಹೇಳಿಕೊಟ್ಟಂತೆ ಬಿಸಿನೀರು, ನಿಂಬೆಹುಳಿ, ಮುಳ್ಳುಸೌತೆ, ಇಷ್ಟೇ ಅವನ ಆಹಾರ. ತಂಗಿ ದಿನಾ ನನಗೆ ಫೋನು. "ಅಣ್ಣಾ, ಇವತ್ತೂ ತಟ್ಟೆ ತೊಳೆಯುವ ಕೆಲಸ ಇಲ್ಲ." ಮೊದಲ ವಾರ ತೂಕ ಸರಸರ ಇಳಿಯಿತು. ಅವನಿಗೆ ರೆಕ್ಕೆ ಬಂದ ಹಾಗಾಯಿತು, ನನ್ನ ನಿದ್ದೆ ಹಾರಿಹೋಯಿತು.

ಮದುವೆಯ ಕೋಟು ಹೊಲಿಸಲು ಬಂಟ್ವಾಳಕ್ಕೆ ಹೋದೆವು. ಟೈಲರ್ ಟೇಪು ಹಿಡಿದು ಬಂದ. ಅಳಿಯ ಎರಡು ಹೆಜ್ಜೆ ಹಿಂದೆ ಸರಿದ.

"ಈಗಿನ ಅಳತೆ ಬೇಡ. ಮದುವೆ ದಿವಸ ನಾನು ಎಷ್ಟು ಇರ್ತೇನೋ ಅಷ್ಟಕ್ಕೆ ಹೊಲಿಯಿರಿ."

"ಅದನ್ನು ಈಗ ಅಳೆಯುವುದು ಎಲ್ಲಿ?"

ಅಳಿಯ ಸುತ್ತ ನೋಡಿದ. ಗಾಜಿನ ಕಪಾಟಿನ ಹತ್ತಿರ ಕೋಟು ಹಾಕಿದ ಒಂದು ಪ್ಲಾಸ್ಟಿಕ್ ಗೊಂಬೆ ನಿಂತಿತ್ತು. ಅದನ್ನು ತೋರಿಸಿದ. ಟೈಲರ್ ಬಡಪಾಯಿ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ. ಕೊನೆಗೆ ಅವನು ಗೊಂಬೆಯ ಸೊಂಟಕ್ಕೇ ಟೇಪು ಸುತ್ತಿದ.

ಹೊರಡುವಾಗ ಟೈಲರ್ ನನ್ನನ್ನು ಮಾತ್ರ ಬದಿಗೆ ಕರೆದ. "ಬಟ್ಟೆ ಸ್ವಲ್ಪ ಜಾಸ್ತಿ ಕೊಟ್ಟು ಹೋಗಿ. ಗೊಂಬೆ ಜನ್ಮದಲ್ಲಿ ಊಟ ಮಾಡುವುದಿಲ್ಲ. ಇವರು ಒಂದಲ್ಲ ಒಂದು ದಿನ ಮಾಡ್ತಾರೆ."

ಎರಡು ಜನರ ಬೆಲ್ಲ ನೀರು

ಮದುವೆಯ ಕಾಗದ ಕೊಡಲು ಮನೆಮನೆಗೆ ಹೋಗುವುದು ನಮ್ಮ ಕಡೆಯ ಕ್ರಮ. ಫೋನಿನಲ್ಲಿ ಹೇಳಿದರೆ ಯಾರೂ ಬರುವುದಿಲ್ಲ. ಬಂದರೂ ಫೋನಿನಲ್ಲಿ ಕರೆದದ್ದನ್ನೇ ಎತ್ತಿ ಹೇಳುತ್ತಾರೆ. ಹೋದ ಮನೆಯಲ್ಲಿ ಮೊದಲು ಬೆಲ್ಲ, ನೀರು. ಆಮೇಲೆ ಚಾ, ತಿಂಡಿ. ಹೊತ್ತಾಗಿದ್ದರೆ ಊಟ. ಬೇಡ ಎನ್ನುವ ಹಾಗಿಲ್ಲ. ಸೋದರಮಾವ ಎಂಬ ನೆಲೆಯಲ್ಲಿ ಅಳಿಯನ ಜೊತೆ ನಾನು ಹೊರಟೆ.

ಬೆಳ್ತಂಗಡಿ ಹತ್ತಿರದ ಮೊದಲ ಮನೆಯಲ್ಲೇ ಎಡವಟ್ಟಾಯಿತು. ಅವನ ಅಜ್ಜಿಯ ತಂಗಿ ಬೆಲ್ಲದ ತಟ್ಟೆ ಮುಂದಿಟ್ಟರು. ಇವನು "ಬೇಡ ಅಜ್ಜಿ" ಎಂದ. ಅಜ್ಜಿಯ ಮುಖ ಅಲ್ಲೇ ಗಂಟಾಯಿತು.

"ನಮ್ಮ ಮನೆಯ ನೀರಿಗೆ ಏನಾಗಿದೆ? ನಿನ್ನ ಅಪ್ಪ ಕುಡಿದ ಬಾವಿಯೇ ಅದು."

ಮದುವೆಗೆ ಮೊದಲೇ ಜಗಳ ಬೇಡವೆಂದು ಅವನ ಪಾಲಿನದ್ದನ್ನೂ ನಾನೇ ತಿಂದೆ. ಅಲ್ಲಿಂದ ಅದೇ ಕ್ರಮವಾಯಿತು. ಅವನ ಬೆಲ್ಲ ನನಗೆ, ಅವನ ಚಾ ನನಗೆ, ಅವನ ಗೋಳಿಬಜೆ ನನಗೆ. ಒಂದು ಮನೆಯಲ್ಲಿ ಹಲಸಿನ ಎಲೆಯ ಕಡುಬು ಕೊಟ್ಟರು. ಇವರು ಯಾಕೆ ಇಷ್ಟು ಆಸೆಯಿಂದ ತಿನ್ನುತ್ತಾರೆ ಎಂಬಂತೆ ಮನೆಯವರು ನನ್ನನ್ನು ನೋಡುತ್ತಿದ್ದರು. ಆಸೆಯಿಂದಲ್ಲ, ತಂಗಿಯ ಮನೆಯ ಮರ್ಯಾದೆಗಾಗಿ ಎಂದು ಹೇಳುವುದು ಹೇಗೆ.

ಸಂಜೆಯ ಹೊತ್ತಿಗೆ ಒಂದು ಮನೆಯ ಮೆಟ್ಟಿಲು ಹತ್ತುವಾಗ ಅಳಿಯ ಕಂಬ ಹಿಡಿದುಕೊಂಡು ಕೂತುಬಿಟ್ಟ. ಕಣ್ಣು ಕತ್ತಲೆ ಬಂತು ಮಾವ ಎಂದ. ಆ ಮನೆಯವರು ಒಳಗೆ ಪಿಸಿಪಿಸಿ ಮಾತಾಡಿದ್ದು ನನಗೆ ಕೇಳಿತು. "ಹುಡುಗನಿಗೆ ಏನೋ ದೊಡ್ಡ ಖಾಯಿಲೆ ಇರಬೇಕು. ಅಂಗಿ ನೋಡು, ಗೂಟಕ್ಕೆ ನೇತುಹಾಕಿದ ಹಾಗೆ ಉಂಟು." ನಮ್ಮ ಊರುಗಳಲ್ಲಿ ಬಸ್ಸು ತಡವಾಗಬಹುದು, ಸುದ್ದಿ ತಡವಾಗುವುದಿಲ್ಲ. ಇದು ಮೂಡುಬಿದಿರೆಗೆ ಮುಟ್ಟಿದರೆ ಎಂದು ನನಗೆ ಬೆವರಿತು.

ಮನೆಗೆ ಬಂದು ಕುರ್ಚಿಯಲ್ಲಿ ಬಿದ್ದ ನನಗೆ ಏಳಲು ಆಗಲಿಲ್ಲ. ಹೆಂಡತಿ ಓಮದ ನೀರು ತಂದು ಕೊಡುತ್ತ ಹೇಳಿದಳು, "ಡಯಟ್ ಅವನದ್ದು, ಹೊಟ್ಟೆ ನಿಮ್ಮದ್ದು. ಒಳ್ಳೆ ಮಾವ-ಅಳಿಯ."

ಡಾಕ್ಟರಮ್ಮ ಹೇಳಿದ್ದು, ಅವನಿಗೆ ಕೇಳಿದ್ದು

ಆಮೇಲೆ ಒಂದು ದಿನ ಅವನ ಅಂಗಡಿಯ ಪಕ್ಕದವರಿಂದ ಫೋನು ಬಂತು. ಅಳಿಯ ಪೈಪುಗಳ ರಾಶಿಯ ಮೇಲೆ ಬಿದ್ದಿದ್ದಾನೆ. ವೇಣೂರಿನಿಂದ ಫರಂಗಿಪೇಟೆಯವರೆಗೆ ನಾನು ಬಸ್ಸಿನಲ್ಲಿ ಕೂತದ್ದು ನೆನಪಿಲ್ಲ, ಹರಕೆ ಹೇಳಿಕೊಂಡದ್ದು ಮಾತ್ರ ನೆನಪಿದೆ. ಹೋಗಿ ನೋಡಿದರೆ ಎದ್ದು ಕೂತಿದ್ದ, ಮುಖ ಬಿಳಿಚಿತ್ತು. ಬಂಟ್ವಾಳದ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

"ಇವತ್ತು ಏನು ತಿಂದಿರಿ?"

"ಮುಳ್ಳುಸೌತೆ."

"ನಿನ್ನೆ?"

"ಅದೇ."

"ಮೊನ್ನೆ?"

ಅಳಿಯ ತಲೆ ತಗ್ಗಿಸಿದ. "ಮೊನ್ನೆ ಸ್ವಲ್ಪ ಹೆಚ್ಚಾಯಿತು ಡಾಕ್ಟ್ರೇ. ಒಂದು ಬಾಳೆಹಣ್ಣು ತಿಂದುಬಿಟ್ಟೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹೀಗೆ ಉಪವಾಸ ಬಿದ್ದರೆ ಮೊದಲು ಹೋಗುವುದು ಬೊಜ್ಜಲ್ಲ, ಮೈಯ ನೀರು. ಆಮೇಲೆ ಮಾಂಸಖಂಡ. ರಕ್ತದಲ್ಲಿ ಲವಣದ ಅಂಶ ಏರುಪೇರಾದರೆ ಎದೆಬಡಿತವೇ ತಪ್ಪುತ್ತದೆ. ಪಿತ್ತಕೋಶದಲ್ಲಿ ಕಲ್ಲು ಆಗಬಹುದು, ಕೂದಲು ಉದುರಬಹುದು. ಮತ್ತೆ ಊಟ ಶುರು ಮಾಡಿದ ಕೂಡಲೇ ಹೋದ ತೂಕ ತನ್ನ ನೆಂಟರನ್ನೂ ಕರೆದುಕೊಂಡು ಬರುತ್ತದೆ." ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಎದೆಬಡಿತ ನನಗೆ ತಪ್ಪುತ್ತಿತ್ತು.

ಆಮೇಲೆ ಅವರು ಸಮಾಧಾನದಿಂದಲೇ ಹೇಳಿದರು. ಹೊತ್ತಿಗೆ ಸರಿಯಾಗಿ ಉಣ್ಣಿ. ಕುಚ್ಚಲಕ್ಕಿ ಅನ್ನ ಬಿಡಬೇಡಿ, ಒಂದು ಸೌಟು ಕಡಿಮೆ ಮಾಡಿ. ಅರ್ಧ ತಟ್ಟೆ ಹರಿವೆ, ಬಸಳೆ, ತೊಂಡೆಕಾಯಿ ಇರಲಿ. ಹೆಸರುಕಾಳು, ಮೊಟ್ಟೆ, ಹುರಿಯದ ಮೀನು ತಿನ್ನಿ. ಬೇಕರಿ, ಶರಬತ್ತು ನಿಲ್ಲಿಸಿ. ದಿನಾ ನಡೆಯಿರಿ, ಚೆನ್ನಾಗಿ ನಿದ್ದೆ ಮಾಡಿ. ವರ್ಷಗಟ್ಟಲೆ ಕೂತು ಬಂದ ತೂಕ ಮೆಲ್ಲ ಮೆಲ್ಲ ಹೋಗಬೇಕು. ಮದುವೆ ಆದ ಮೇಲೂ ಜೀವನ ಉಂಟಲ್ಲ.

ಅಳಿಯ ಎಲ್ಲದಕ್ಕೂ ತಲೆಯಾಡಿಸಿದ. ನನ್ನ ಜೀವ ತಣ್ಣಗಾಯಿತು. ಹೊರಗೆ ಬಂದು, "ಏನು ಅರ್ಥ ಆಯ್ತು?" ಎಂದು ಕೇಳಿದೆ.

"ನಡೆಯಬೇಕು" ಎಂದ.

ಅಷ್ಟು ದೊಡ್ಡ ಉಪದೇಶದಲ್ಲಿ ಅವನು ಹೆಕ್ಕಿಕೊಂಡದ್ದು ಅದೊಂದೇ ಶಬ್ದ. ಮರುದಿನದಿಂದ ಫರಂಗಿಪೇಟೆಯ ರಸ್ತೆ ಬದಿಯಲ್ಲಿ ಉಪವಾಸವೇ ಎದ್ದು ನಡೆಯತೊಡಗಿತು.

ಚಾ ಕುಡಿಯಲು ಬಂದವರು

ಮದುವೆ ಹತ್ತಿರ ಬಂತು. ಒಂದು ಮಧ್ಯಾಹ್ನ ಕೊಡೆ ಹಿಡಿದ ಇಬ್ಬರು ಅಪರಿಚಿತರು ಹೋಟೆಲಿಗೆ ಬಂದು ಚಾ ಹೇಳಿದರು. ಮಳೆಯ ವಿಷಯ ಮಾತಾಡಿದರು, ಅಡಿಕೆಯ ವಿಷಯ ಮಾತಾಡಿದರು. ಚಾ ತಣ್ಣಗಾಯಿತು, ಕುಡಿಯಲಿಲ್ಲ. ಆಗಲೇ ನನಗೆ ಸಂಶಯ ಬಂತು. ಅವರಲ್ಲಿ ಹಿರಿಯರು ಗಂಟಲು ಸರಿಮಾಡಿಕೊಂಡರು.

"ಫರಂಗಿಪೇಟೆಯಲ್ಲಿ ಪಂಪಿನ ಅಂಗಡಿಯ ಹುಡುಗ ಒಬ್ಬ ಇದ್ದಾನಂತೆ. ಅವನ ಕಡೆಯವರು ಇಲ್ಲಿಯೇ ಎಲ್ಲೋ ಇದ್ದಾರಂತೆ. ಹುಡುಗನಿಗೆ ಹುಷಾರಿಲ್ಲ ಅಂತ ಸುದ್ದಿ ಉಂಟು, ಹೌದಾ?"

ಮೂಡುಬಿದಿರೆಯಿಂದ ವಿಚಾರಿಸಲು ಬಂದವರೇ ಎಂದು ತಿಳಿಯಿತು. ನಾನೇ ಆ ಕಡೆಯವನು ಎಂದು ಅವರಿಗೆ ತಿಳಿದಿರಲಿಲ್ಲ. ಸುಳ್ಳು ಹೇಳಿದರೆ ನಾಳೆ ತಿಳಿಯುತ್ತದೆ. ಸುಮ್ಮನಿದ್ದರೆ ಖಾಯಿಲೆ ಇದೆ ಎಂದೇ ಆಗುತ್ತದೆ. ಇದ್ದದ್ದನ್ನು ಇದ್ದಹಾಗೆ ಹೇಳಿಬಿಡುವುದೇ ಒಳ್ಳೆಯದೆಂದು ನಿಶ್ಚಯ ಮಾಡಿದೆ.

"ನಾನೇ ಅವನ ಸೋದರಮಾವ. ಹುಡುಗನಿಗೆ ಯಾವ ಖಾಯಿಲೆಯೂ ಇಲ್ಲ, ಬೇಕಾದರೆ ಡಾಕ್ಟರನ್ನು ಕೇಳಿ. ಮದುವೆ ನಿಶ್ಚಯ ಆದ ದಿವಸದಿಂದ ಊಟ ಬಿಟ್ಟಿದ್ದಾನೆ, ಅಷ್ಟೇ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯರು ತುಂಬ ಮೆಲ್ಲಗೆ ಕೇಳಿದರು, "ಹುಡುಗಿ ಅಷ್ಟೂ ಇಷ್ಟ ಇಲ್ಲವಾ?"

ಅಪ್ಪಣೆ

ಮರುದಿನವೇ ಮದುಮಗಳ ತಂದೆಯ ಫೋನು. "ಆದಿತ್ಯವಾರ ಬರ್ತೇನೆ. ಮುಖಾಮುಖಿ ಕೂತು ಒಂದು ತೀರ್ಮಾನ ಮಾಡುವ." ಆ ದನಿಯಲ್ಲಿ ತೀರ್ಮಾನ ಆಗಲೇ ಆಗಿತ್ತು. ನಾನು ವಿವರಿಸಲು ಹೋದಷ್ಟೂ ಅದು ಗಟ್ಟಿಯಾಯಿತು.

ಅದೇ ಆದಿತ್ಯವಾರ ತಂಗಿ ಮನೆಯ ದೈವಕ್ಕೆ ಅಗೆಲು ಇಟ್ಟುಕೊಂಡಿದ್ದಳು. ಬಾಳೆಲೆಯಲ್ಲಿ ಅನ್ನ, ಕೋಳಿ ಪದಾರ್ಥ ಬಡಿಸಿ ದೈವಕ್ಕೆ ಒಪ್ಪಿಸಿ, ಆಮೇಲೆ ಮನೆಯವರೆಲ್ಲ ಪ್ರಸಾದವೆಂದು ಉಣ್ಣುವ ಸೇವೆ ಅದು. ಮಗ ಕರಗುತ್ತಿರುವುದು ಊಟ ಬಿಟ್ಟದ್ದರಿಂದ ಎಂದು ಅವಳು ಒಪ್ಪಲೇ ಇಲ್ಲ. "ಅವನು ಮೊದಲೂ ಉಪವಾಸ ಮಾಡಿದ್ದಾನೆ ಅಣ್ಣಾ, ಆಗ ದಪ್ಪ ಆದದ್ದು. ಇದು ದೈವದ ಮುನಿಸೇ."

ಸಂಜೆ ದೀಪ ಹಚ್ಚುವ ಹೊತ್ತಿಗೆ ಮದುಮಗಳ ತಂದೆ ಬಂದರು. ಜೊತೆಗೆ ಮದುಮಗಳೂ ಬಂದಿದ್ದಳು. ತಂದೆ ಚಾ ಮುಟ್ಟಲಿಲ್ಲ. "ಸೇವೆ ಮುಗಿಯಲಿ, ಆಮೇಲೆ ಮಾತಾಡುವ" ಎಂದು ಗೋಡೆ ಬದಿಗೆ ಕೂತರು.

ಅಳಿಯ ಬೆಳಿಗ್ಗೆ ಒಂದು ಸುತ್ತು ನಡೆದು ಬಂದವನು ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಎಲೆಯ ಮೇಲೆ ಬಿಸಿ ಅನ್ನ, ಕೋಳಿ ಪದಾರ್ಥ ಬಿತ್ತು. ಘಮ ಇಡೀ ಮನೆ ತುಂಬಿತು. ಅವನು ಕೈಮುಗಿದು ನಿಂತಿದ್ದ, ಕಣ್ಣು ಎಲೆಯಿಂದ ಕದಲುತ್ತಿರಲಿಲ್ಲ. ನೋಡನೋಡುತ್ತ ಅವನ ಬೆರಳು ನಡುಗತೊಡಗಿತು. ಹಣೆಯಲ್ಲಿ ಬೆವರು. ಆಮೇಲೆ ಕೈ, ಕಾಲು, ಇಡೀ ಮೈ.

ಇದು ಡಾಕ್ಟರಮ್ಮ ಹೆದರಿಸಿದ್ದೇ ಎಂದು ನಾನು ಓಡಿದೆ. ಸೇವೆ ನಡೆಸುತ್ತಿದ್ದ ಕುಟುಂಬದ ಹಿರಿಯ ಯಜಮಾನರು ನನ್ನ ಎದೆಗೆ ಕೈ ಅಡ್ಡ ಇಟ್ಟು ತಡೆದರು.

"ಮುಟ್ಟಬೇಡ. ಬಂದಾಗಿದೆ."

ಮನೆಯವರೆಲ್ಲ ಕೈಮುಗಿದರು. ತಂಗಿ ಅಳುತ್ತ ಮಗನ ಕಾಲಿಗೆ ಬಿದ್ದಳು. ದೈವದ ವಿಷಯದಲ್ಲಿ ಹುಡುಗಾಟ ಮಾಡುವವನಲ್ಲ ನಾನು; ಆದರೆ ಅವನ ಮೈಮೇಲೆ ಬಂದದ್ದು ಏನೆಂದು ನನಗೆ ಗೊತ್ತಿತ್ತು. ಹೇಳಿದರೆ ಕೇಳುವವರು ಯಾರೂ ಇರಲಿಲ್ಲ. ಯಜಮಾನರು ಬಗ್ಗಿ ಕೇಳಿದರು, "ನಮ್ಮಿಂದ ಏನು ಕೊರತೆ ಆಯ್ತು? ಅಪ್ಪಣೆ ಆಗಬೇಕು."

ಅಳಿಯ ಒಣಗಿದ ಗಂಟಲಿನಿಂದ ತುಳುವಿನಲ್ಲಿ ಒಂದೇ ಮಾತು ಹೇಳಿದ. "ಬಡವಾಪುಂಡು." ಹಸಿವಾಗುತ್ತದೆ ಎಂದು.

ಯಜಮಾನರು ಕೆನ್ನೆ ಕೆನ್ನೆ ಬಡಿದುಕೊಂಡರು. "ಕೇಳಿದಿರಾ, ಬಡಿಸಿದ್ದು ಸಾಲಲಿಲ್ಲ. ಇನ್ನೊಂದು ಎಲೆ ಹಾಕಿ."

ಆಗ ಗೋಡೆ ಬದಿಯಿಂದ ಮದುಮಗಳ ತಂದೆ ಎದ್ದು ಬಂದರು. ಸಂಬಂಧ ಮುರಿಯಲೆಂದೇ ಬಂದ ಮನುಷ್ಯ ಶಾಲು ಸೊಂಟಕ್ಕೆ ಕಟ್ಟಿ, ಅಳಿಯನ ಎದುರು ಕೈಮುಗಿದು ನಿಂತರು. "ನನ್ನ ಮನಸ್ಸಿನಲ್ಲಿ ಒಂದು ಸಂಶಯ ಉಂಟು. ಈ ಮದುವೆ ನಡೆಸಬಹುದಾ?"

ನನ್ನ ಮಾನ, ತಂಗಿಯ ಆಸೆ, ಅವನದೇ ಬಾಳು, ಎಲ್ಲ ಆ ಒಂದು ಬಾಯಿಯಲ್ಲಿತ್ತು. ಆ ಬಾಯಿಯಲ್ಲಿ ನೀರೂರುತ್ತಿತ್ತು.

"ಎಲ್ಲ ನಡೆಸಿ" ಎಂದ ಅಳಿಯ. "ಮೊದಲು ಬಡಿಸಿ."

ಮದುಮಗಳ ತಂದೆಯ ಕಣ್ಣಲ್ಲಿ ನೀರು ಬಂತು. "ಅಪ್ಪಣೆ ಆಯ್ತು" ಎಂದು ಅಲ್ಲೇ ಅಡ್ಡಬಿದ್ದರು.

ಅಷ್ಟು ಜನರಲ್ಲಿ ಕೈಮುಗಿಯದೆ ಇದ್ದವಳು ಮದುಮಗಳು ಒಬ್ಬಳೇ. ಅವಳು ಅವನ ಮುಖ ಒಮ್ಮೆ ನೋಡಿದವಳೇ ಅಡುಗೆಮನೆಗೆ ಹೋಗಿ, ಗಂಜಿ ತಿಳಿಗೆ ಸಕ್ಕರೆ ಹಾಕಿ ತಂದಳು. ಯಜಮಾನರನ್ನು ಬದಿಗೆ ಸರಿಸಿ, ಅವನನ್ನು ಕೂರಿಸಿ, ಗುಟುಕು ಗುಟುಕಾಗಿ ಕುಡಿಸಿದಳು. ನಡುಕ ನಿಂತಿತು. "ನಾನು ಒಪ್ಪಿದ್ದು ನಿಶ್ಚಯದ ದಿನ ಕಂಡವರನ್ನು. ಇವರು ಯಾರು ಅಂತ ನನಗೆ ಗೊತ್ತಿಲ್ಲ" ಎಂದಳು, ಅವನಿಗೆ ಮಾತ್ರ ಕೇಳುವ ಹಾಗೆ. ಹತ್ತಿರ ನಿಂತಿದ್ದ ನನಗೂ ಕೇಳಿತು. ನನಗೆ ಅಳು ಬಂತು, ಅದನ್ನು ಹೇಳಲು ನಾಚಿಕೆಯಿಲ್ಲ.

ಮದುವೆ ಚೆನ್ನಾಗಿ ನಡೆಯಿತು. ಅವಳು ಡಾಕ್ಟರಮ್ಮನ ಹತ್ತಿರ ತಾನೇ ಹೋಗಿ ಎಲ್ಲ ಕೇಳಿಕೊಂಡು ಬಂದಳು. ಈಗ ಅನ್ನ ಒಂದು ಸೌಟು ಕಡಿಮೆ, ಹರಿವೆ ಬಸಳೆ ಜಾಸ್ತಿ, ಸಂಜೆ ಗಂಡಹೆಂಡತಿ ಇಬ್ಬರೂ ನೇತ್ರಾವತಿಯ ಬದಿಗೆ ನಡೆದು ಬರುತ್ತಾರೆ. ತೂಕ ಮೆಲ್ಲಗೆ ಇಳಿಯುತ್ತಿದೆ, ಮುಖದಲ್ಲಿ ಕಳೆ ಉಂಟು. ನನಗೆ ನಿದ್ದೆ ಬರುತ್ತದೆ.

ಯಜಮಾನರ ನಂಬಿಕೆ ಮಾತ್ರ ಕದಲಲಿಲ್ಲ. ಅಳಿಯನ ಊಟ ಸ್ವಲ್ಪ ತಡವಾಗಿ ಮುಖ ಬಾಡಿದ್ದು ಕಂಡರೆ ಸಾಕು, ಎದುರು ಬಂದು ಕೈಮುಗಿದು ನಿಂತು, ಜಾಗದ ಕೇಸು ನಮ್ಮ ಕಡೆ ಆಗ್ತದಾ ಎಂದು ಕೇಳುತ್ತಾರೆ. ಹಾಗಾಗಿ ಅವನ ಹೆಂಡತಿ ಹೊತ್ತಿಗೆ ಸರಿಯಾಗಿ ಬಡಿಸಿಬಿಡುತ್ತಾಳೆ.